ಹದಿನೈದು ವರ್ಷದ ನೌಕಾಸೇವೆ ಮುಗಿಸಿ ಎಂಬಿಎಗೆ ಹೋಗಬಹುದೇ?

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನವನು. ಪಿಯುಸಿ ಆದ ಮೇಲೆ ನೌಕಾಪಡೆ ಸೇರಿದೆ. ಲಾಜಿಸ್ಟಿಕ್ಸ್ ಶಾಖೆ, ಈಗ ಪೆಟಿ ಆಫೀಸರ್, ಕಾರವಾರದಲ್ಲಿದ್ದೇನೆ. ವಯಸ್ಸು 33. ಮುಂದಿನ ವರ್ಷ 15 ವರ್ಷದ ಸೇವೆ ಮುಗಿಯುತ್ತದೆ. ಸೇವೆಯಲ್ಲಿದ್ದೇ ಇಗ್ನೋದಿಂದ ಬಿ.ಎ. ಮಾಡಿ ಮೂರು ವರ್ಷವಾಯಿತು, ಶೇ 54 ಅಂಕ. ಹೆಂಡತಿ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳು. ಎಂಬಿಎ ಮಾಡಬೇಕೆಂಬ ಆಸೆ. ಮೆಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಐಐಎಂನಲ್ಲಿ ಮಾಜಿ ಸೈನಿಕರಿಗೆ ಕೋಟಾ ಇದೆ, 15 ವರ್ಷದ ಸೇವೆ ಪದವಿಗೆ ಸಮ, ಫೀ ಪೂರ್ತಿ ಸರ್ಕಾರದ್ದೇ ಅಂತ. ಇದರಲ್ಲಿ ಯಾವುದು ನಿಜ? ಫೀ ಕಟ್ಟಲು ಪಿಂಚಣಿ ಕಮ್ಯೂಟ್ ಮಾಡಲೇ, ಅಂದರೆ ಅದರ ಒಂದು ಭಾಗ ಬಿಟ್ಟುಕೊಟ್ಟು ಬದಲಿಗೆ ಒಂದೇ ಗಂಟಿನಲ್ಲಿ ಹಣ ಪಡೆಯಲೇ? ಪ್ರಬಂಧದಲ್ಲಿ ಏನು ಬರೆಯಲಿ? ನಾನು ಬರೀ ಸ್ಟೋರ್ ನೋಡಿಕೊಂಡವನು. 2021ರ ಕದ್ರಾ ನೆರೆಯಲ್ಲಿ ರಕ್ಷಣಾ ತಂಡಕ್ಕೆ ಸಾಮಾನು ಕೊಟ್ಟು ಕಳಿಸಿದ್ದೆ, ಅದನ್ನು ಬರೆದರೆ ನಡೆಯುತ್ತದೆಯೇ? ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಉತ್ತರ: ಕೋಟಾ, ಫೀ, ವಯಸ್ಸು ಇವಕ್ಕೆಲ್ಲ ನೇರ ಉತ್ತರವಿದೆ, ಕೊಡುತ್ತೇನೆ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ಬರೀ ಸ್ಟೋರ್ ನೋಡಿಕೊಂಡವನು’ ಎಂಬ ಮಾತಿನ ಮೇಲೆ. ನಿಮ್ಮ ಅರ್ಜಿಗೆ ನಿಜವಾದ ಅಪಾಯ ಇರುವುದು ಆ ‘ಬರೀ’ಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಶಿರಸಿಯವಳು. ಇಪ್ಪತ್ತೆರಡು ವರ್ಷ ಮ್ಯಾನೇಜ್‌ಮೆಂಟ್ ಪಾಠ ಮಾಡಿ, ಅಷ್ಟೂ ವರ್ಷ ಪ್ರವೇಶ ಸಂದರ್ಶನದ ಮೇಜಿನ ಆಚೆ ಕೂತು, ಈಗ ಊರಿಗೆ ಬಂದು ನಮ್ಮ ಜಿಲ್ಲೆಯವರ ಅರ್ಜಿ ನೋಡಿಕೊಡುತ್ತಿದ್ದೇನೆ. 2005ರಲ್ಲಿ ಕಾರವಾರದ ಹತ್ತಿರ ಅರ್ಗಾದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಶುರುವಾದ ಮೇಲೆ ಸೇವೆ ಮುಗಿಸಿ ಈ ಕರಾವಳಿಯಲ್ಲೇ ಮನೆ ಮಾಡಿದವರು ಬಹಳ ಜನ. ನೀವು ಕೇಳಿದ್ದನ್ನೇ ಬೇರೆ ಬೇರೆ ಮಾತಲ್ಲಿ ಕೇಳಿದವರು ನನಗೆ ಹಲವರು ಸಿಕ್ಕಿದ್ದಾರೆ.

ಮೊದಲು ಮೆಸ್ಸಿನ ಮಾತುಗಳನ್ನು ನೋಡೋಣ.

ಐಐಎಂಗಳಲ್ಲಿ ಮಾಜಿ ಸೈನಿಕರಿಗೆ ಕೋಟಾ ಇಲ್ಲ. ಅಲ್ಲಿರುವ ಮೀಸಲಾತಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲರು ಮತ್ತು ಅಂಗವಿಕಲರಿಗೆ. ಸಮವಸ್ತ್ರ ತೊಟ್ಟವರಿಗೆ ಅಂತ ಸೀಟು ತೆಗೆದಿಟ್ಟಿಲ್ಲ. ಈ ಸುದ್ದಿ ಹುಟ್ಟಿದ್ದು ಎಲ್ಲಿಂದ ಎಂದರೆ ಕೆಲಸದ ಮೀಸಲಾತಿಯಿಂದ. ಸರ್ಕಾರಿ ಬ್ಯಾಂಕುಗಳಲ್ಲಿ, ಕೇಂದ್ರದ ಉದ್ದಿಮೆಗಳಲ್ಲಿ ‘ಸಿ’ ವರ್ಗದ ಹುದ್ದೆಗಳಲ್ಲಿ ಶೇ 14.5 ಮಾಜಿ ಸೈನಿಕರಿಗೆ ಇದೆ. ಅದು ನೌಕರಿಯ ವಿಷಯ. ಅದನ್ನು ಓದಿನ ಸೀಟಿಗೆ ಯಾರೋ ಅಂಟಿಸಿದರು, ಮಾತು ಓಡಾಡಿತು.

‘15 ವರ್ಷದ ಸೇವೆ ಪದವಿಗೆ ಸಮ’ ಎನ್ನುವುದೂ ಇದೇ ಬಗೆಯ ಅರ್ಧಸತ್ಯ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು ಪದವಿ ಬೇಕಾದ ಕೆಲವು ‘ಸಿ’ ವರ್ಗದ ಹುದ್ದೆಗಳಿಗೆ ಅರ್ಹರೆಂದು ಕೇಂದ್ರ ಸರ್ಕಾರ ಪರಿಗಣಿಸುತ್ತದೆ. ತಾಂತ್ರಿಕ, ವೃತ್ತಿಪರ ಅರ್ಹತೆ ಕೇಳುವ ಹುದ್ದೆಗೆ ಅದು ನಡೆಯುವುದಿಲ್ಲ, ಎಂಬಿಎಗಂತೂ ನಡೆಯುವುದೇ ಇಲ್ಲ. ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಲು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿ ಬೇಕು, ಅದರಲ್ಲಿ ಶೇ 50 ಅಂಕ ಇರಬೇಕು. ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ 45. ನಿಮ್ಮ ಇಗ್ನೋ ಬಿ.ಎ. ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ದೂರಶಿಕ್ಷಣದ ಪದವಿ ಅಂತ ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಡಗಿನ ಪಾಳಿಗಳ ನಡುವೆ ಅಸೈನ್‌ಮೆಂಟ್ ಬರೆದು ಪಾಸಾದ ಪದವಿ ಅದು.

ಫೀ ವಿಷಯ. ಪುನರ್ವಸತಿ ಮಹಾನಿರ್ದೇಶನಾಲಯ, ನೀವೆಲ್ಲ ಡಿಜಿಆರ್ ಅನ್ನುವುದು, ನಿವೃತ್ತಿ ಹತ್ತಿರವಾದವರಿಗೆ ಕೋರ್ಸ್ ಕೊಡಿಸುತ್ತದೆ. ಐಐಎಂಗಳಲ್ಲಿ ನಡೆಯುವ ಸುಮಾರು 24 ವಾರದ ಮ್ಯಾನೇಜ್‌ಮೆಂಟ್ ಕೋರ್ಸುಗಳು ಅಧಿಕಾರಿಗಳಿಗೆ. ಅದರ ಫೀಯಲ್ಲಿ ಶೇ 60 ಡಿಜಿಆರ್ ಭರಿಸುತ್ತದೆ, ಉಳಿದ ಶೇ 40 ಅವರ ಜೇಬಿನಿಂದ. ಪೆಟಿ ಆಫೀಸರ್ ಎಂಬುದು ಸೇಲರ್ ದರ್ಜೆ, ಅಧಿಕಾರಿಯದ್ದಲ್ಲ. ನಿಮ್ಮ ದರ್ಜೆಯವರಿಗೆ ಬೇರೆ ಸಂಸ್ಥೆಗಳಲ್ಲಿ ಕೋರ್ಸ್ ಇದೆ, ಅದಕ್ಕೆ ಫೀ ಇಲ್ಲ. ಆದರೆ ಈ ಎರಡೂ ಸರ್ಟಿಫಿಕೇಟ್ ಕೋರ್ಸುಗಳು, ಎಂಬಿಎ ಅಲ್ಲ. ‘ಐಐಎಂನಲ್ಲಿ ಓದಿದೆ’ ಎಂದು ಹೇಳಿಕೊಳ್ಳುವ ಹಲವರು ಓದಿದ್ದು ಇದನ್ನು. ಒಳ್ಳೆಯ ಕೋರ್ಸೇ, ಕೀಳಾಗಿ ಹೇಳುತ್ತಿಲ್ಲ. ಆದರೆ ಎಂಬಿಎ ಕೇಳುವ ಕೆಲಸಕ್ಕೆ ಅದನ್ನು ಇಟ್ಟುಕೊಂಡು ಹೋದರೆ ಬಾಗಿಲಲ್ಲೇ ಗೊತ್ತಾಗುತ್ತದೆ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಬಗ್ಗೆಯೂ ಯಾರಾದರೂ ಹೇಳಿರುತ್ತಾರೆ. ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಸೈನಿಕರ ವಿಧವೆಯರಿಗೆ. ನಿಮಗಲ್ಲ. ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ನಿಮ್ಮ ಮಕ್ಕಳು ಮುಂದೆ ವೃತ್ತಿಪರ ಕೋರ್ಸಿಗೆ ಸೇರಿದಾಗ ನೆನಪಿಟ್ಟುಕೊಳ್ಳಿ.

ಇನ್ನೊಂದು ಗೊಂದಲ ಅಮೆರಿಕದಿಂದ ಬರುತ್ತದೆ. ‘ವೆಟರನ್ ಎಂಬಿಎ’ ಎಂದು ಹುಡುಕಿದರೆ ಮೊದಲು ಸಿಗುವುದೆಲ್ಲ ಅಲ್ಲಿಯದು. ಅಲ್ಲಿ ಜಿಐ ಬಿಲ್ ಎಂಬ ಕಾನೂನಿದೆ, 36 ತಿಂಗಳವರೆಗೆ ಓದಿನ ಖರ್ಚು ಸರ್ಕಾರ ಕೊಡುತ್ತದೆ. ಅದಕ್ಕೆ ಸಾಲದೆ ಬಿದ್ದದ್ದನ್ನು ಯೆಲ್ಲೋ ರಿಬ್ಬನ್ ಎಂಬ ವ್ಯವಸ್ಥೆಯಲ್ಲಿ ವಿಶ್ವವಿದ್ಯಾಲಯಗಳೂ ಹಂಚಿಕೊಳ್ಳುತ್ತವೆ. ಅರ್ಜಿ ಶುಲ್ಕ ಮಾಫಿ, ಮಾಜಿ ಸೈನಿಕರ ಕ್ಲಬ್ಬು ಎಲ್ಲ ಇವೆ. ಆದರೆ ಅದು ಆ ದೇಶದ ಸೈನಿಕರಿಗೆ. ಅದನ್ನು ಓದಿ ಇಲ್ಲಿಯ ಲೆಕ್ಕ ಹಾಕಬೇಡಿ. ಒಂದನ್ನು ಮಾತ್ರ ಅಲ್ಲಿಂದ ಕಲಿಯಬಹುದು, ಸೇನೆಯ ಕೆಲಸವನ್ನು ಹೊರಗಿನವರಿಗೆ ತಿಳಿಯುವಂತೆ ಹೇಳುವ ಕಲೆ. ಅಲ್ಲಿಯವರು ಅದರಲ್ಲಿ ಬಹಳ ಪಳಗಿದ್ದಾರೆ.

ಈಗ ವಯಸ್ಸು. ಕ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಹಾಗಂತ 34ರಲ್ಲಿ ಎರಡು ವರ್ಷದ ಎಂಬಿಎಗೆ ಹೋಗಿ ಎಂದು ನಾನು ಹೇಳಲಾರೆ. ಅಲ್ಲಿ ನಿಮ್ಮ ಪಕ್ಕ ಕೂರುವವರು 22ರಿಂದ 26ರ ಹುಡುಗರು. ಅವರ ಜೊತೆ ಕೂರುವುದು ಕಷ್ಟವಲ್ಲ, ಕಷ್ಟ ಬೇರೆ ಕಡೆ ಇದೆ. ಹಲವು ಐಐಎಂಗಳು ಸಂದರ್ಶನಕ್ಕೆ ಕರೆಯುವಾಗ ಹತ್ತನೇ ತರಗತಿ, ಪಿಯುಸಿ, ಪದವಿ ಮೂರರ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕೆಲಸದ ಅನುಭವಕ್ಕೆ ಕೊಡುವ ಅಂಕ ಸುಮಾರು ಮೂರು ವರ್ಷದ ತನಕ ಏರಿ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ 15 ವರ್ಷಕ್ಕೆ ಅಲ್ಲಿ ಹದಿನೈದರ ಬೆಲೆ ಸಿಗುವುದಿಲ್ಲ. ಕೊನೆಗೆ ಕ್ಯಾಂಪಸ್ಸಿಗೆ ಬರುವ ಕಂಪನಿಗಳೂ ಹೊಸಬರಿಗೆಂದು ಇಟ್ಟ ಹುದ್ದೆಯನ್ನೇ ತರುತ್ತವೆ.

ನಿಮ್ಮಂಥವರಿಗೆಂದೇ ಇರುವುದು ಒಂದು ವರ್ಷದ ಪೂರ್ಣಾವಧಿ ಕೋರ್ಸ್. ಅಹಮದಾಬಾದ್ ಐಐಎಂನಲ್ಲಿ ಪಿಜಿಪಿಎಕ್ಸ್, ಬೆಂಗಳೂರಿನಲ್ಲಿ ಇಪಿಜಿಪಿ, ಕೋಲ್ಕತ್ತದಲ್ಲಿ ಎಂಬಿಎಇಎಕ್ಸ್, ಲಖನೌದಲ್ಲಿ ಐಪಿಎಂಎಕ್ಸ್, ಹೈದರಾಬಾದಿನ ಐಎಸ್‌ಬಿಯಲ್ಲಿ ಪಿಜಿಪಿ. ಇವುಗಳ ತರಗತಿಯಲ್ಲಿ ಸೇನೆ ಬಿಟ್ಟು ಬಂದವರು ಪ್ರತಿ ವರ್ಷ ಇರುತ್ತಾರೆ. ಆದರೆ ಬಹುಪಾಲು ಅಧಿಕಾರಿಗಳು. ಸೇಲರ್ ಒಬ್ಬರು ಅಲ್ಲಿಗೆ ಹೋಗಬಾರದೆಂಬ ನಿಯಮ ಎಲ್ಲೂ ಇಲ್ಲ. ದಾರಿ ಮಾತ್ರ ಕಡಿದು, ಅದನ್ನು ಮುಚ್ಚಿಡುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವುವುದು ಇಲ್ಲೇ. ಈ ಕೋರ್ಸುಗಳು ಕೇಳುವ ಅನುಭವ ಪದವಿ ಪಡೆದ ನಂತರದ್ದು. ಅಹಮದಾಬಾದಿಗೆ ಕನಿಷ್ಠ ನಾಲ್ಕು ವರ್ಷ, ಬೆಂಗಳೂರಿಗೆ ಐದು, ಐಎಸ್‌ಬಿಗೆ ಎರಡು. ಅಧಿಕಾರಿಗೆ ಇದು ತಲೆನೋವಲ್ಲ, ಅವರು ಪದವಿ ಪಡೆದೇ ಸೇವೆಗೆ ಬರುತ್ತಾರೆ. ನೀವು ಹತ್ತೊಂಬತ್ತಕ್ಕೆ ಸೇರಿದಿರಿ, ಪದವಿ ಬಂದದ್ದು ಮೂರು ವರ್ಷದ ಹಿಂದೆ. ಹಾಗಾಗಿ ಅವರ ಪುಸ್ತಕದಲ್ಲಿ ನಿಮ್ಮ ಅನುಭವ ಹದಿನೈದಲ್ಲ, ನಿವೃತ್ತಿಯ ಹೊತ್ತಿಗೆ ನಾಲ್ಕು. ಪದವಿ ಪ್ರಮಾಣಪತ್ರದ ತಾರೀಕು ನೋಡಿ, ಆ ದಿನದಿಂದ ಬೆರಳು ಮಡಚುತ್ತಾ ಬನ್ನಿ. ಕಳೆದ ವರ್ಷ ಕುಮಟಾದ ಒಬ್ಬರು ಇಪ್ಪತ್ತು ವರ್ಷ ಸೇವೆ ಇದೆ ಎಂಬ ಧೈರ್ಯದಲ್ಲಿ ಈ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗೆ ಇಪ್ಪತ್ತು ಸಾವಿರ ದಾಟಿ ಫೀ ಕಟ್ಟಿ, ಪರೀಕ್ಷೆ ಬರೆದು, ಆಮೇಲೆ ಈ ಸಾಲು ಓದಿದರು. ಒಳ್ಳೆಯ ಅಂಕ ಬಂದಿತ್ತು. ಅನುಭವ ಎರಡು ವರ್ಷ ಕಡಿಮೆ ಬಿತ್ತು. ಜಿಮ್ಯಾಟ್ ಅಂಕ ಐದು ವರ್ಷ ನಡೆಯುತ್ತದೆ, ಅಷ್ಟು ಪುಣ್ಯ.

ದುಡ್ಡಿನ ಮಾತು. ಮೇಲೆ ಹೇಳಿದ ಒಂದು ವರ್ಷದ ಕೋರ್ಸುಗಳ ಫೀ 30 ಲಕ್ಷದ ಆಸುಪಾಸು, ಕೆಲವದ್ದು ಅದಕ್ಕೂ ಹೆಚ್ಚು. ಇದಕ್ಕೆ ಪಿಂಚಣಿ ಕಮ್ಯೂಟ್ ಮಾಡಲೇ ಎಂದು ಕೇಳಿದಿರಿ. ಲೆಕ್ಕ ಹಾಕಿ ನೋಡೋಣ. ಪಿಂಚಣಿಗೆ ಲೆಕ್ಕವಾಗುವ ನಿಮ್ಮ ಕೊನೆಯ ವೇತನ 44,000 ಎಂದಿಟ್ಟುಕೊಳ್ಳಿ. ಅದರ ಅರ್ಧ, 22,000, ಮೂಲ ಪಿಂಚಣಿ. ಸೇನೆಯವರು ಅದರಲ್ಲಿ ಅರ್ಧದವರೆಗೆ ಕಮ್ಯೂಟ್ ಮಾಡಬಹುದು, ಅಂದರೆ 11,000. ಬಿಟ್ಟುಕೊಟ್ಟ ಪಿಂಚಣಿಯ ಒಂದು ವರ್ಷದ ಮೊತ್ತವನ್ನು ಕಮ್ಯುಟೇಶನ್ ಅಂಶದಿಂದ ಗುಣಿಸುತ್ತಾರೆ, ನಿಮ್ಮ ವಯಸ್ಸಿಗೆ ಅದು 9.1ರ ಹತ್ತಿರ. ಕೈಗೆ ಬರುವುದು ಸುಮಾರು 12 ಲಕ್ಷ. ಪ್ರತಿಯಾಗಿ 15 ವರ್ಷ ತಿಂಗಳಿಗೆ 11,000 ಕಡಿತ, ಒಟ್ಟು 19 ಲಕ್ಷ 80 ಸಾವಿರ. ತುಟ್ಟಿಭತ್ಯೆ ಪೂರ್ತಿ ಪಿಂಚಣಿಯ ಮೇಲೆಯೇ ಸಿಗುತ್ತದೆ ನಿಜ, ಮೂಲ ಮಾತ್ರ 49ನೇ ವಯಸ್ಸಿನ ತನಕ ಅರ್ಧ. ಆ ಹದಿನೈದು ವರ್ಷದಲ್ಲೇ ನಿಮ್ಮ ಇಬ್ಬರು ಮಕ್ಕಳ ಹೈಸ್ಕೂಲು, ಕಾಲೇಜು ಬರುತ್ತವೆ.

ಕಮ್ಯೂಟ್ ಮಾಡುವುದೇ ತಪ್ಪು ಅಂತಲ್ಲ. ಮನೆ ಕಟ್ಟಲು, ಸಾಲ ತೀರಿಸಲು ಎಷ್ಟೋ ಜನ ಮಾಡುತ್ತಾರೆ. ಫೀಗಾಗಿ ಮಾಡುವುದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐಐಎಂ ಸೀಟು ಸಿಕ್ಕಿದವರಿಗೆ ಬ್ಯಾಂಕುಗಳು ಆಸ್ತಿ ಅಡ ಕೇಳದೆ ಶಿಕ್ಷಣ ಸಾಲ ಕೊಡುತ್ತವೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿಯೂ ಇದೆ. ಸಾಲ ಕೊಡುವ ಮೊದಲು ಬ್ಯಾಂಕು ಆ ಕಾಲೇಜಿನಿಂದ ಹೊರಬಂದವರ ಗತಿ ನೋಡಿರುತ್ತದೆ. ಯಾವುದೋ ಹೆಸರಿಲ್ಲದ ಕಾಲೇಜಿಗೆ ಬ್ಯಾಂಕು ಅಡ ಇಲ್ಲದೆ ಹತ್ತು ಲಕ್ಷ ಕೊಡಲು ಒಪ್ಪದಿದ್ದರೆ, ನಿಮ್ಮ ಪಿಂಚಣಿಯನ್ನೂ ಅಲ್ಲಿ ಸುರಿಯಬೇಡಿ. ನಿವೃತ್ತಿ ಹಣ ಬರುವ ಸುದ್ದಿ ತಿಳಿದು ‘ಡೈರೆಕ್ಟ್ ಅಡ್ಮಿಷನ್’ ಎಂದು ಫೋನ್ ಮಾಡುವವರಿದ್ದಾರೆ. ಅವರ ಫೋನು ಎತ್ತದಿದ್ದರೆ ಏನೂ ನಷ್ಟವಿಲ್ಲ.

ಅಗ್ನಿವೀರರಾಗಿ ಹೋದ ಊರ ಹುಡುಗರು ಇದನ್ನು ಓದುತ್ತಿದ್ದರೆ ಅವರ ಲೆಕ್ಕ ಬೇರೆ. ಅವರಿಗೆ ಪಿಂಚಣಿ ಇಲ್ಲ, ನಾಲ್ಕು ವರ್ಷದ ಕೊನೆಗೆ ಸುಮಾರು 11.71 ಲಕ್ಷದ ಸೇವಾ ನಿಧಿ. ಆದರೆ ವಯಸ್ಸು ಅವರ ಕಡೆಗಿದೆ. ಪದವಿ ಮುಗಿಸಿಕೊಂಡರೆ ಎರಡು ವರ್ಷದ ಎಂಬಿಎ ಅವರಿಗೆ ಹೊಂದುತ್ತದೆ.

ಇನ್ನು ಆ ‘ಬರೀ’.

ಹಲವು ವರ್ಷದ ಹಿಂದೆ, ನಾನು ಆಗ ಇದ್ದ ಕಾಲೇಜಿನಲ್ಲಿ, ಸಂದರ್ಶನಕ್ಕೆ ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೆಟ್ಟಗೆ ಕೂತ ಬೆನ್ನು. ನನ್ನ ಪಕ್ಕದವರು ಕೇಳಿದರು: ‘ಮೇಲಿನವರ ನಿರ್ಧಾರ ತಪ್ಪು ಅನಿಸಿದಾಗ ನೀವೇನು ಮಾಡಿದ್ದೀರಿ?’ ಅವರು, ‘ಹಾಗೆ ಯಾವತ್ತೂ ಆಗಿಲ್ಲ ಸರ್’ ಎಂದರು. ‘ನಿಮ್ಮ ದೊಡ್ಡ ಸಾಧನೆ?’ ‘ಟೀಮಿನ ಸಾಧನೆ ಸರ್, ನನ್ನದು ಅಂತ ಏನಿಲ್ಲ.’ ಹತ್ತು ನಿಮಿಷಕ್ಕೆ ಮುಗಿಯಿತು. ನಾನು ಹತ್ತಕ್ಕೆ ನಾಲ್ಕು ಹಾಕಿದೆ. ಅವರಿಗೆ ಸೀಟು ಸಿಗಲಿಲ್ಲ.

ಸಂಜೆ ಹೊರಗೆ ಚಹಾದ ಅಂಗಡಿಯಲ್ಲಿ ಸಿಕ್ಕರು. ಕನ್ನಡದಲ್ಲಿ ಮಾತಾಡಿಸಿದೆ, ಮಾತು ಬಿಚ್ಚಿತು. ಲಡಾಖಿನಲ್ಲಿ ಚಳಿಗಾಲಕ್ಕೆ ಮುಂಚೆ ತಿಂಗಳುಗಟ್ಟಲೆ ಸಾಲುವ ಸಾಮಾನು ಮೇಲೆ ಏರಿಸಿಡುವ ಕೆಲಸ ಅವರದ್ದು. ಒಂದು ವರ್ಷ ಕೆಳಗಿನಿಂದ ಬಂದ ಪಟ್ಟಿಯಲ್ಲಿ ಸೀಮೆಎಣ್ಣೆ ಕಡಿಮೆ ಇದೆ ಅನಿಸಿತಂತೆ. ಹಿಂದಿನ ಮೂರು ಚಳಿಗಾಲದ ಖರ್ಚನ್ನು ತಮ್ಮ ಪಾಕೆಟ್ ಪುಸ್ತಕದಿಂದ ಕೂಡಿಸಿ ಸಾಹೇಬರ ಮುಂದಿಟ್ಟರಂತೆ. ಪಟ್ಟಿ ಬದಲಾಯಿತು. ‘ಆ ಸಲ ಹಿಮ ಬೇಗ ಬಿತ್ತು ಮೇಡಂ’ ಎಂದು ಲೋಟ ಕೆಳಗಿಟ್ಟರು.

ನಾವು ಒಳಗೆ ಕೇಳಿದ್ದು ಇದನ್ನೇ. ಉತ್ತರ ಅವರ ಹತ್ತಿರ ಇತ್ತು, ನಮ್ಮ ಪ್ರಶ್ನೆಗೆ ಇದು ಉತ್ತರ ಎಂದು ಅವರಿಗೆ ಹೊಳೆಯಲಿಲ್ಲ. ಕೆದಕಿ ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಆ ನಾಲ್ಕು ಅಂಕ ಇವತ್ತಿಗೂ ನನ್ನ ಮನಸ್ಸಲ್ಲಿ ಕೂತಿದೆ. ಈ ಕೆಲಸಕ್ಕೆ ನಾನು ಇಳಿದದ್ದಕ್ಕೆ ಅದೂ ಒಂದು ಕಾರಣ.

ಸೇನೆ ‘ನಾನು’ ಎನ್ನುವುದನ್ನು ಬಿಡಿಸಿ ‘ನಾವು’ ಎನ್ನಲು ಕಲಿಸುತ್ತದೆ. ಅಲ್ಲಿ ಅದು ಸರಿ. ನಮ್ಮ ಕಡೆಯ ಮನೆಗಳಲ್ಲೂ ಹಾಗೆಯೇ ಬೆಳೆಸುತ್ತಾರೆ, ಮಾಡಿದ್ದನ್ನು ಹೇಳಿಕೊಳ್ಳುವುದು ದೊಡ್ಡಸ್ತಿಕೆ ಎಂದು. ಆದರೆ ಸಂದರ್ಶನದ ಮೇಜಿನ ಆಚೆ ಕೂತವರಿಗೆ ನಿಮ್ಮ ಪಾಲು ಎಷ್ಟು, ಸಾಹೇಬರ ಪಾಲು ಎಷ್ಟು ಎಂದು ತಿಳಿಯಲು ಬೇರೆ ದಾರಿ ಇಲ್ಲ. ‘ನಾನು’ ಎಂದರೆ ಅಲ್ಲಿ ಜಂಬವಲ್ಲ, ಮಾಹಿತಿ.

ನೀವು ಪತ್ರದ ಜೊತೆ ಇಟ್ಟ ಪ್ರಬಂಧದ ಕರಡು ಓದಿದೆ. ‘ಡಿಸ್ಚಾರ್ಜ್ಡ್ ಮೈ ಡ್ಯೂಟೀಸ್ ವಿತ್ ಅಟ್ಮೋಸ್ಟ್ ಡೆಡಿಕೇಶನ್’ ಎಂದು ಮೂರು ಕಡೆ ಇದೆ. ಮೂರನ್ನೂ ಹೊಡೆದುಹಾಕಿ. ಸೇವಾ ದಾಖಲೆಯಲ್ಲಿ ನಿಮ್ಮ ಅಧಿಕಾರಿ ನಿಮ್ಮ ಬಗ್ಗೆ ಬರೆಯುವ ಸಾಲು ಅದು, ನೀವು ನಿಮ್ಮ ಬಗ್ಗೆ ಬರೆಯುವಂಥದ್ದಲ್ಲ. ಕದ್ರಾ ನೆರೆಗೆ ನೀವು ಒಂದು ಪುಟ ಕೊಟ್ಟಿದ್ದೀರಿ. ಅದರಲ್ಲಿ ಮುಕ್ಕಾಲು ಪಾಲು ಮಳೆ, ಕಾಳಿ ನದಿ, ಅಣೆಕಟ್ಟು, ನೌಕಾಪಡೆಯವರು ಜನರನ್ನು ದೋಣಿಯಲ್ಲಿ ಕರೆತಂದದ್ದು. ಅದೆಲ್ಲ ನಡೆದದ್ದೇ, ಹೆಮ್ಮೆ ಪಡುವಂಥದ್ದೇ. ಆದರೆ ದೋಣಿಯಲ್ಲಿ ನೀವಿರಲಿಲ್ಲ. ಅವರ ಧೈರ್ಯವನ್ನು ನಿಮ್ಮ ಪ್ರಬಂಧಕ್ಕೆ ಎರವಲು ತಂದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ನಿಮ್ಮದು ಎಂಬುದು ಕೆಳಗೆ ಒಂದೇ ಸಾಲಿನಲ್ಲಿ, ಬಹಳ ಸಂಕೋಚದಿಂದ, ಕೂತಿದೆ: ‘ಪಟ್ಟಿಯಲ್ಲಿ ಹಗ್ಗ ಒಂದು ಸುರುಳಿ ಇತ್ತು, ನಾನು ಮೂರು ಕೊಟ್ಟೆ, ಆಮೇಲೆ ಸಾಹೇಬರಿಂದ ಸಹಿ ಹಾಕಿಸಿದೆ.’ ಯಾಕೆ ಮೂರು ಎಂದು ಫೋನಿನಲ್ಲಿ ಕೇಳಿದಾಗ ನೀವು ಹೇಳಿದಿರಿ: ‘ನಾನು ಗಂಗಾವಳಿ ದಂಡೆಯವನು ಮೇಡಂ. ಸಮುದ್ರದಲ್ಲಿ ದೋಣಿಗೆ ಲಂಗರು ಸಾಕು. ಹೊಳೆ ನೆರೆಯಲ್ಲಿ ಹಗ್ಗ ಬೇಕು, ಮರದಿಂದ ಮರಕ್ಕೆ ಕಟ್ಟಿಕೊಂಡೇ ಹೋಗಬೇಕು.’

ಪ್ರಬಂಧ ಶುರುವಾಗಬೇಕಾದ್ದು ಇಲ್ಲಿಂದ. ನಿಯಮದ ಪಟ್ಟಿ ಒಂದು ಹೇಳಿತು, ನಿಮಗೆ ಗೊತ್ತಿದ್ದದ್ದು ಇನ್ನೊಂದು ಹೇಳಿತು, ಹೊತ್ತಿರಲಿಲ್ಲ, ನಿರ್ಧಾರ ತೆಗೆದುಕೊಂಡಿರಿ, ಹೊಣೆ ಹೊತ್ತಿರಿ, ಆಮೇಲೆ ಕಾಗದಪತ್ರ ಸರಿಪಡಿಸಿದಿರಿ. ಯುದ್ಧದ ಕಥೆ ಯಾರೂ ಕೇಳುತ್ತಿಲ್ಲ. ಕಡಿಮೆ ಮಾಹಿತಿ, ಕಡಿಮೆ ಸಮಯ ಇರುವಾಗ ಈ ಮನುಷ್ಯ ಹೇಗೆ ಯೋಚಿಸುತ್ತಾನೆ ಎಂಬುದನ್ನು ನೋಡುತ್ತಾರೆ. ಇಡೀ ಸಪ್ಲೈ ಚೈನ್ ಪಾಠವೇ ಇದರ ಸುತ್ತ ಇದೆ: ಏನನ್ನು, ಎಷ್ಟು, ಎಲ್ಲಿ, ಯಾರ ಹೊಣೆಯ ಮೇಲೆ ಇಡಬೇಕು. ನೀವು ಅದನ್ನು ಹದಿನಾಲ್ಕು ವರ್ಷ ಮಾಡಿದ್ದೀರಿ. ಕಾಲೇಜಿನಲ್ಲಿ ಅದಕ್ಕೆ ಸೂತ್ರ ಕೊಡುತ್ತಾರೆ.

ಒಂದು ಎಚ್ಚರ. ಅಂಕಿ ಬರೆಯಿರಿ ಎಂದು ಎಲ್ಲ ಸಲಹೆಗಾರರೂ ಹೇಳುತ್ತಾರೆ, ನಾನೂ ಬೇರೆಯವರಿಗೆ ಹೇಳುತ್ತೇನೆ. ನಿಮಗೆ ಮಾತ್ರ ಅಳೆದು ಹೇಳಬೇಕು. ಯಾವ ಹಡಗು, ಎಷ್ಟು ದಾಸ್ತಾನು, ಎಷ್ಟು ದಿನಕ್ಕೆ ಸಾಕು, ಯಾವಾಗ ಎಲ್ಲಿಗೆ ಹೋಯಿತು, ಯಾವ ಉಪಕರಣದ ಬಿಡಿಭಾಗ ಸಿಗಲಿಲ್ಲ, ಇವು ಯಾವುವೂ ಪ್ರಬಂಧದಲ್ಲಿ ಬರಕೂಡದು. ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ಮರುದಿನ ನಿಮ್ಮನ್ನು ಬಿಟ್ಟುಬಿಡುವುದಿಲ್ಲ. ‘ಹುಡುಕಲು ಅರ್ಧ ದಿನ ಹಿಡಿಯುತ್ತಿದ್ದುದನ್ನು ಕಪಾಟು ಜೋಡಣೆ ಬದಲಿಸಿ ಅರ್ಧ ಗಂಟೆಗೆ ತಂದೆ’ ಎಂಬಂಥ ಸಾಲು ಸಾಕು. ಅದನ್ನೂ ನಿಮ್ಮ ಡಿವಿಷನಲ್ ಆಫೀಸರಿಗೆ ತೋರಿಸಿಯೇ ಕಳಿಸಿ. ಸೇವೆಯಲ್ಲಿರುವಾಗ ಅರ್ಜಿ ಹಾಕಲು ಅನುಮತಿ ಪತ್ರವೂ ಬೇಕಲ್ಲ, ಎರಡೂ ಒಟ್ಟಿಗೆ ಆಗುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿ? ನಿಮ್ಮ ಜಾಗದಲ್ಲಿ ನನ್ನ ತಮ್ಮ ಇದ್ದಿದ್ದರೆ, ನಿವೃತ್ತಿಯ ಮರುದಿನವೇ ಎಂಬಿಎಗೆ ಹೋಗಬೇಡ ಎನ್ನುತ್ತಿದ್ದೆ. ಒಂದೆರಡು ವರ್ಷ ಹೊರಗೆ ಕೆಲಸ ಮಾಡು, ಗೋವಾದ ವೆರ್ಣಾ ಕಡೆಯ ಗೋದಾಮೋ, ಮಂಗಳೂರು ಅಥವಾ ಮುರ್ಮುಗಾಂವ್ ಬಂದರಿನ ಸುತ್ತಲಿನ ಸಾಗಣೆ ಕಂಪನಿಯೋ, ಯಾವುದಾದರೂ. ಇದರಿಂದ ಪದವಿಯ ನಂತರದ ಅನುಭವ ಐದು ದಾಟಿ ಎಲ್ಲ ಕೋರ್ಸುಗಳ ಬಾಗಿಲೂ ತೆರೆಯುತ್ತದೆ. ಸಮವಸ್ತ್ರ ಇಲ್ಲದ ಜಾಗದಲ್ಲಿ ಆಜ್ಞೆ ಮಾಡದೆ ಕೆಲಸ ತೆಗೆಯುವುದು ಹೇಗೆ ಎಂಬುದೂ ಗೊತ್ತಾಗುತ್ತದೆ, ಸಂದರ್ಶನದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಶಿಫಾರಸು ಪತ್ರ ಬರೆಯಲು ಹೊರಗಿನ ಒಬ್ಬ ಮೇಲಧಿಕಾರಿಯೂ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯ, ನಿಜವಾಗಿ ಎಂಬಿಎ ಬೇಕೇ ಎಂಬುದು ಅಷ್ಟರಲ್ಲಿ ನಿಮಗೇ ತಿಳಿದುಹೋಗಿರುತ್ತದೆ. ಅಪಾಯ ಏನೆಂದರೆ ಸಂಬಳ, ಪಿಂಚಣಿ ಎರಡೂ ಬರತೊಡಗಿದ ಮೇಲೆ ಓದು ಮುಂದಕ್ಕೆ ಹೋಗುತ್ತಾ ಹೋಗುತ್ತಾ ಬಿಟ್ಟೇಹೋಗುವುದು. ಹಾಗೆ ಬಿಟ್ಟುಹೋದವರನ್ನು ನೋಡಿದ್ದೇನೆ, ಅವರಲ್ಲಿ ಕೆಲವರು ಸುಖವಾಗಿಯೇ ಇದ್ದಾರೆ.

ಅಷ್ಟು ಕಾಯಲಾರೆ ಎಂದರೆ ಹತ್ತಿರದಲ್ಲೂ ಕಾಲೇಜುಗಳಿವೆ. ಗೋವಾದ ಸಾಂಖಳಿಯಲ್ಲಿ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಮಣಿಪಾಲದಲ್ಲಿ ಟ್ಯಾಪ್ಮಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೌಸಾಳಿ ಸಂಸ್ಥೆ. ಮೊದಲೆರಡರ ಫೀ ಲಕ್ಷಗಳಲ್ಲಿ, ಧಾರವಾಡದ್ದು ಬಹಳ ಕಡಿಮೆ. ಧಾರವಾಡಕ್ಕೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಬೇಕು. ಎಲ್ಲವೂ ಎರಡು ವರ್ಷದವು, ಹಾಗಾಗಿ ವಯಸ್ಸಿನ ಬಗ್ಗೆ ನಾನು ಮೇಲೆ ಹೇಳಿದ್ದು ಇಲ್ಲಿಯೂ ಸತ್ಯ. ಇನ್ನೊಂದು ದಾರಿ, ಮಾಜಿ ಸೈನಿಕರ ಮೀಸಲಿನಲ್ಲಿ ಬ್ಯಾಂಕಿಗೋ ಕೇಂದ್ರದ ಉದ್ದಿಮೆಗೋ ಸೇರಿ, ಸಂಜೆ ಕೂತು ಇಗ್ನೋ ಎಂಬಿಎ ಮಾಡುವುದು. ಖರ್ಚು ಒಂದು ಲಕ್ಷಕ್ಕಿಂತ ಕಡಿಮೆ. ಅದಕ್ಕೆ ಕ್ಯಾಂಪಸ್ ನೇಮಕಾತಿ ಇಲ್ಲ, ಹೊಸ ಕೆಲಸ ಕೊಡಿಸುವ ಶಕ್ತಿ ಕಡಿಮೆ, ಆದರೆ ಇರುವ ಕೆಲಸದಲ್ಲಿ ಬಡ್ತಿಗೆ ಆಗಿಬರುತ್ತದೆ. ಅಂಕೋಲಾ ಬಿಟ್ಟು ಹೋಗಲಾರೆ ಎಂಬುದು ನಿಮ್ಮ ಗಟ್ಟಿ ಮನಸ್ಸಾದರೆ ನಿಮಗೆ ಒಗ್ಗುವುದು ಇದೇ. ಮೂವತ್ತು ಲಕ್ಷದ ಎಂಬಿಎಗೆ ತಕ್ಕ ಸಂಬಳ ಬೆಂಗಳೂರು, ಮುಂಬೈ, ಪುಣೆಯಲ್ಲಿದೆ, ನಮ್ಮ ಜಿಲ್ಲೆಯಲ್ಲಿ ಇಲ್ಲ. ಕೇಣಿಯಲ್ಲಿ ಬಂದರು ಬರುತ್ತದೆ, ಕೆಲಸ ಸಿಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅಲ್ಲಿಯ ಮೀನುಗಾರರ ವಿರೋಧ ನಿಮ್ಮ ಕಣ್ಣೆದುರೇ ಇದೆ. ಆಗದ ಬಂದರನ್ನು ನಂಬಿ ಸಾಲ ಮಾಡಬೇಡಿ.

ಪರೀಕ್ಷೆಯ ಬಗ್ಗೆ ಎರಡು ಮಾತು. ಕ್ಯಾಟ್ ವರ್ಷಕ್ಕೆ ಒಂದೇ ಸಲ, ನವೆಂಬರ್ ಕೊನೆಗೆ. ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಆ ಭಾನುವಾರ ನಿಮ್ಮ ಹಡಗು ಸಮುದ್ರದಲ್ಲಿದ್ದರೆ ಒಂದು ವರ್ಷ ಹೋಯಿತು. ಜಿಮ್ಯಾಟ್ ವರ್ಷವಿಡೀ ಇರುತ್ತದೆ, ದಿನ ನೀವೇ ಆರಿಸಬಹುದು. ಫೀ ದುಬಾರಿಯಾದರೂ ಸಮುದ್ರದಲ್ಲಿರುವವರಿಗೆ ನಾನು ಹೇಳುವುದು ಇದನ್ನೇ, ಒಂದು ವರ್ಷದ ಕೋರ್ಸುಗಳು ಕೇಳುವುದೂ ಇದನ್ನೇ. ಕನ್ನಡ ಮಾಧ್ಯಮದಲ್ಲಿ ಓದಿದವನು ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಗಣಿತ ಹೈಸ್ಕೂಲು ಮಟ್ಟದ್ದು, ಹಿಡಿತಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ನಿಮ್ಮ ತೊಂದರೆ ಪದಗಳದ್ದಲ್ಲ. ಹದಿನಾಲ್ಕು ವರ್ಷ ಸಿಗ್ನಲ್ ಭಾಷೆ ಬರೆದು ಬರೆದು ವಾಕ್ಯವನ್ನು ಅರ್ಧಕ್ಕೆ ಕಡಿಯುವ ಅಭ್ಯಾಸವಾಗಿದೆ. ದಿನಾ ಪತ್ರಿಕೆಯ ಒಂದು ಸಂಪಾದಕೀಯ ಓದಿ, ಮಡಚಿಟ್ಟು, ಅದು ಏನು ಹೇಳಿತು ಎಂದು ಐದು ಪೂರ್ಣ ವಾಕ್ಯ ಬರೆಯಿರಿ. ಆರು ತಿಂಗಳು ಮಾಡಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಮನೆಯಲ್ಲಿ ಹುಚ್ಚು ಎನ್ನುತ್ತಾರೆ ಎಂದಿರಿ. ಅವರ ಹೆದರಿಕೆ ನಿಮ್ಮ ಓದಿನ ಬಗ್ಗೆ ಅಲ್ಲ ಎಂದು ನನಗನಿಸುತ್ತದೆ. ಹದಿನಾಲ್ಕು ವರ್ಷ ಗಂಡ ಸಮುದ್ರದಲ್ಲಿದ್ದ, ಈಗ ಮನೆಗೆ ಬರುವ ಹೊತ್ತಿಗೆ ಮತ್ತೆ ಊರು ಬಿಡುವ ಮಾತಾಡುತ್ತಿದ್ದಾನೆ ಎಂಬ ಸಂಕಟ ಅದು. ಪಿಂಚಣಿಯ ಲೆಕ್ಕವನ್ನು ಅವರ ಎದುರು ಕೂತು ಹಾಕಿ, ಕೋರ್ಸ್ ಆರಿಸುವಾಗ ಅವರ ವರ್ಗಾವಣೆ, ಮಕ್ಕಳ ಶಾಲೆ ಎಲ್ಲ ಮೇಜಿನ ಮೇಲಿರಲಿ. ನಿಮ್ಮ ಹೆಂಡತಿ ಶಿಕ್ಷಕಿ, ನೌಕಾಪಡೆಯ ಮಾತು ಅವರಿಗೆ ಅರ್ಧಂಬರ್ಧ ಗೊತ್ತು. ಪ್ರಬಂಧದ ಮೊದಲ ಓದುಗರು ಅವರೇ ಆಗಲಿ. ಕದ್ರಾಕ್ಕೆ ಸಾಮಾನು ಕಳಿಸಿದ ಆ ದಿನದ ಕಥೆ ಕನ್ನಡದಲ್ಲೇ ಹೇಳಿ. ಅವರು ಎಲ್ಲಿ ತಡೆದು ‘ಹಾಗಂದ್ರೆ?’ ಎಂದು ಕೇಳುತ್ತಾರೋ ಅಲ್ಲೆಲ್ಲ ಗೆರೆ ಹಾಕಿಕೊಳ್ಳಿ. ಅಷ್ಟನ್ನೂ ತಿದ್ದಿದ ಮೇಲೆ ಕರಡನ್ನು ನನಗೆ ಕಳಿಸಿ.